ಟಬ್ಬಿಗೂ ಗೋಡೆಗೂ ನಡುವೆ

ಫೆಬ್ರವರಿ 9, 1958, ಭಾನುವಾರ. ಶಿಕಾರಿಪುರ

ನಿನ್ನೆ ಸಂಜೆ ಬಸ್ಸಿಳಿದೆ. ಮೈಸೂರಿನಿಂದ ಇಲ್ಲಿಯವರೆಗೂ ತಲೆಯಲ್ಲಿ ಒಂದೇ ಯೋಚನೆ. ಮಾರ್ಚ್ ಕೊನೆಗೆ ಎಕ್ಸಾಮ್, ಕೆಮಿಸ್ಟ್ರಿ ಅರ್ಧ ಪುಸ್ತಕ ಹಾಗೇ ಇದೆ. ಒಂದೇ ವಾರ ಎಂದು ವಾರ್ಡನ್‌ಗೆ ಹೇಳಿ ಬಂದಿದ್ದೇನೆ. ಫಸ್ಟ್ ಇಯರ್‌ನಲ್ಲೇ ಫೇಲಾದರೆ ಸೀಟು ಉಳಿಯುವುದಿಲ್ಲ.

ಬಸ್ಸಿನಲ್ಲಿ ಪಕ್ಕದ ಹೆಂಗಸು ನನ್ನ ಕೂದಲನ್ನೂ ಕಣ್ಣನ್ನೂ ನೋಡಿ ನೋಡಿ ಸಾಕಾಗಿ ಕೊನೆಗೆ ಕೇಳಿಯೇಬಿಟ್ಟಳು. “ಯಾರ ಪೈಕಿ ನೀನು?” ಹೇಳಿದೆ. “ಓ, ಮರದ ಕಂಪ್ನಿ ದೊರೆ ಬಿಟ್ಟೋದ್ನಲ್ಲ, ಆ ತುಂಗಮ್ಮನ ಮಗಳಾ?” ಎಂದು ಹಿಂದಿನ ಸೀಟಿಗೂ ಕೇಳುವಂತೆ ಹೇಳಿದಳು. ಪಪ್ಪ ಹಡಗು ಹತ್ತಿ ಹತ್ತು ವರ್ಷವಾಯಿತು. ಇವರಿಗೆ ಮಾತ್ರ ಅದು ಮೊನ್ನೆ ನಡೆದದ್ದು.

ಅಮ್ಮನಿಗೆ ಲಕ್ವ ಹೊಡೆದಿದೆ. ಎಡಗೈ ಎಡಗಾಲು ಎರಡೂ ಸತ್ತಿವೆ. ಮಾತು ಬರುತ್ತದೆ, ಒದ್ದೆ ಬಟ್ಟೆಯನ್ನು ಕಲ್ಲಿನ ಮೇಲೆ ಎಳೆದ ಹಾಗೆ. ನಮ್ಮ ಎಮ್ಮೆ ನೋಡಿಕೊಳ್ಳುವ ಪಕ್ಕದ ಮನೆ ಹಾಲಮ್ಮನೇ ಇಷ್ಟು ದಿನ ಎಲ್ಲ ಮಾಡಿದ್ದಾಳೆ. ಸರ್ಕಾರಿ ಡಾಕ್ಟರು ಕ್ಯಾಸನೂರಿನ ಕಡೆ ಹೋಗಿದ್ದಾರಂತೆ. ಅಲ್ಲಿ ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿವೆಯಂತೆ, ಜನಕ್ಕೂ ಜ್ವರವಂತೆ.

“ಬಂದ್ಯಾ ಎಲ್ಸವ್ವ? ನಿಮ್ಮವ್ವ ಹಗಲೆಲ್ಲ ಬಾಗ್ಲು ನೋಡೀ ನೋಡೀ ಕತ್ತು ನೋಯ್ಸ್ಕಂಡ್ಲು” ಎಂದಳು ಹಾಲಮ್ಮ.

ನಾನು ಹೊಸ್ತಿಲಲ್ಲಿ ನಿಂತೆ. ಬಾಯಿಂದ ಬಂದದ್ದು “ಹೌ ಆರ್ ಯೂ, ಅಮ್ಮಾ?” ಹಾಸ್ಟೆಲ್ ಬುದ್ಧಿ. ಅಮ್ಮನ ಬಲಗಣ್ಣು ನಕ್ಕಿತು. ಎಡಗಣ್ಣು ಸುಮ್ಮನೆ ನೋಡುತ್ತಿತ್ತು. ಕೋಣೆಯಲ್ಲಿ ಒಂದು ವಾಸನೆ ಇದೆ, ಏನೆಂದು ಬರೆಯಲಾರೆ. ಪುಸ್ತಕ ತೆಗೆಯಬೇಕು ಎಂದು ಹೇಳಿ ಹೊರಗೆ ಬಂದೆ.

ಫೆಬ್ರವರಿ 11, ಮಂಗಳವಾರ

ಇವತ್ತು ನನ್ನಿಂದ ತಪ್ಪಾಯಿತು. ಅಮ್ಮನಿಗೆ ನೀರು ಹಾಕಲು ಹಾಲಮ್ಮ, ನಾನು ಸೇರಿ ಅವರನ್ನು ಬಚ್ಚಲ ಕಲ್ಲಿನ ಮೇಲೆ ಕೂರಿಸಿದೆವು. ನಾನು ಸರಿಯಾಗಿ ಹಿಡಿಯಲಿಲ್ಲ. ಅಂದರೆ, ಸೆರಗು ಹಿಡಿದೆ, ಮೈ ಹಿಡಿಯಲಿಲ್ಲ. ಅವರು ಎಡಕ್ಕೆ ವಾಲಿ ಜಾರಿದರು. ಹಾಲಮ್ಮ ತನ್ನ ಮೊಣಕಾಲು ಕೊಡದಿದ್ದರೆ ತಲೆ ಹಂಡೆಯ ಒಲೆಗೆ ಬಡಿಯುತ್ತಿತ್ತು.

“ಸೀರೆ ಹಿಡ್ಕಂಡ್ರೆ ಸೀರೆ ಉಳೀತದೆ, ಮನುಷಾ ಉಳಿಯಲ್ಲ” ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕುಕ್ಕರುಗಾಲಲ್ಲಿ ಕೂರಲು ಆಗದವರಿಗೆ ಕಲ್ಲು ಎಷ್ಟು ಉಪಯೋಗ? ಆಗ ಟಬ್ಬಿನ ನೆನಪಾಯಿತು. ಪಪ್ಪನ ಟಬ್ಬು. ಶಿವಮೊಗ್ಗದಿಂದ ಎತ್ತಿನ ಗಾಡಿಯಲ್ಲಿ ತರಿಸಿ ಬಚ್ಚಲಿನ ಮೂಲೆಯಲ್ಲಿ ಇಟ್ಟಿಗೆ ಕಟ್ಟೆ ಕಟ್ಟಿಸಿ ಕೂರಿಸಿದ್ದು. ಒರಗಲು ಬೆನ್ನಿದೆ, ಹಿಡಿಯಲು ಅಂಚಿದೆ, ಬೀಳುವ ಭಯವಿಲ್ಲ. ಒಳಗಿದ್ದ ಸೌದೆ, ಹಳೆ ಚೀಲ ತೆಗೆದು ತೊಳೆದೆ. ಆದರೆ ಟಬ್ಬಿಗೂ ಗೋಡೆಗೂ ನಡುವಿನ ಸಂದಿಗೆ ಪಪ್ಪ ಮೆತ್ತಿದ್ದ ಬಿಳಿ ಪುಟ್ಟಿ ಕಪ್ಪಗಾಗಿ, ಹಳೆ ಹಲ್ಲಿನ ಹಾಗೆ ಉದುರುತ್ತಿದೆ. ಒಂದು ಬಿಂದಿಗೆ ನೀರು ಹೊಯ್ದು ನೋಡಿದೆ. ಅಂಚಿನಿಂದ ಸಿಡಿದದ್ದೆಲ್ಲ ಸಂದಿಗೆ ಇಳಿದು ಸ್ವಲ್ಪ ಹೊತ್ತಿಗೇ ಆಚೆ ಕೋಣೆಯ ಗೋಡೆ, ಅಮ್ಮನ ಮಂಚದ ತಲೆಯ ಕಡೆ, ಒದ್ದೆಯಾಯಿತು. ಹಸಿ ಇಟ್ಟಿಗೆಯ ಗೋಡೆ. ಹೀಗೇ ಬಿಟ್ಟರೆ ಕುಸಿಯುತ್ತದೆ.

“ಅದ್ರಾಗಾ ಕೂರಿಸ್ತೀಯ?” ಹಾಲಮ್ಮ ನಕ್ಕಳು. “ದೊರೆ ಎಷ್ಟ್ ಕರುದ್ರೂ ನಿಮ್ಮವ್ವ ಇಳೀಲಿಲ್ಲ. ನಿಂತ ನೀರಾಗೆ ಕೂರಾಕೆ ನಾನೇನು ಎಮ್ಮೆನಾ ಅಂದ್ಬಿಟ್ಲು. ಅವ್ನು ಹೋದ ವರ್ಷ ಅದ್ರಾಗೆ ಬಿತ್ನೆ ಭತ್ತ ನೆನೆ ಹಾಕಿದ್ಲು.”

ಸಂದಿ ಮುಚ್ಚುವುದು ಒಂದು ದಿನದ ಕೆಲಸ. ಮುಚ್ಚಿ, ಅಮ್ಮನಿಗೆ ಒಂದು ಸಲ ಚೆನ್ನಾಗಿ ಸ್ನಾನವಾದರೆ ನಾನು ನಿಶ್ಚಿಂತೆಯಿಂದ ಹೊರಡಬಹುದು.

ಫೆಬ್ರವರಿ 14, ಶುಕ್ರವಾರ

ಪುಟ್ಟಿಗೆ ಸೀಮೆಸುಣ್ಣದ ಪುಡಿ, ಅಗಸೆ ಎಣ್ಣೆ ಬೇಕು. ಪಪ್ಪ ಕಲಸುತ್ತಿದ್ದದ್ದು ನೆನಪಿದೆ, ನನಗೆ ಒಂದು ಉಂಡೆ ಕೊಡುತ್ತಿದ್ದ, ನಾನು ಬಾತುಕೋಳಿ ಮಾಡುತ್ತಿದ್ದೆ. ಪೇಟೆಯಲ್ಲಿ ಮಲ್ಲಿಕಾರ್ಜುನಪ್ಪನವರ ಅಂಗಡಿಗೆ ಹೋದೆ.

“ಅಗಸೆ ಎಣ್ಣೆ ಇಲ್ಲ ಕಣ್ರೀ. ಹರಳೆಣ್ಣೆ ಐತೆ.”

“ಅದು ಆಗುತ್ತಾ?”

“ಎಣ್ಣೆ ಎಣ್ಣೇನೇ ಅಲ್ಲೇನ್ರಿ? ತಲೆಗೂ ಆತು, ಗಾಡಿ ಅಚ್ಚಿಗೂ ಆತು, ಹೊಟ್ಟೆ ಕಟ್ಟಿದ್ರೆ ಅದಕ್ಕೂ ಆತು. ನಿಮ್ ತೊಟ್ಟಿಗೆ ಯಾಕೆ ಆಗಲ್ಲ?”

ಅದನ್ನೇ ಕೊಂಡು ತಂದೆ. ಹಳೆಯದನ್ನೆಲ್ಲ ಮೊಂಡು ಚಾಕುವಿನಿಂದ ಕೆರೆದು ತೆಗೆದೆ. ಮಧ್ಯಾಹ್ನವೆಲ್ಲ ಕೆರೆಯುವ ಸದ್ದು. ಆಚೆ ಕೋಣೆಯಿಂದ ಅಮ್ಮ ಗೋಡೆ ತಟ್ಟಿದರು. ಏನೆಂದು ಕೂಗಿ ಕೇಳಿದೆ. ಕೆಲಸದ ಮಧ್ಯೆ ಎದ್ದು ಹೋಗಲಿಲ್ಲ. ಹಾಲಮ್ಮ ಅವರ ಮೈ ಒರೆಸಲು ಬಿಸಿನೀರು ತೆಗೆದುಕೊಂಡು ಹೋಗುವಾಗ “ಒಂದು ಕೈ ಕೊಡ್ತೀಯಾ?” ಎಂದಳು. ನನ್ನ ಎರಡೂ ಕೈ ಪುಟ್ಟಿಯಾಗಿತ್ತು. ತೋರಿಸಿದೆ.

ಫೆಬ್ರವರಿ 19, ಬುಧವಾರ

ಒಣಗಿಲ್ಲ. ಬೆರಳಿಟ್ಟರೆ ಬೆಣ್ಣೆಯ ಹಾಗೆ ಒಳಗೆ ಹೋಗುತ್ತದೆ. ಹರಳೆಣ್ಣೆ ಒಣಗುವ ಎಣ್ಣೆಯಲ್ಲ ಎಂದು ಪುಸ್ತಕದಲ್ಲಿ ಅಂಡರ್‌ಲೈನ್ ಮಾಡಿದ್ದೇನೆ, ನನ್ನದೇ ಪೆನ್ಸಿಲ್ಲು. ಪಾಸಾಗುತ್ತೇನೆಯೇ ನಾನು? ವಾರ್ಡನ್‌ಗೆ ಇನ್ನೂ ಸ್ವಲ್ಪ ದಿನ ಎಂದು ಬರೆದು ಹಾಕಿದೆ.

ಫೆಬ್ರವರಿ 22, ಶನಿವಾರ

ಹಾಲಮ್ಮನ ಉಪಾಯ ಉದ್ದಿನಹಿಟ್ಟು, ಸುಣ್ಣ. ಒಡೆದ ಗಡಿಗೆಗೆ ಅವಳು ಮೆತ್ತುವುದು ಅದನ್ನೇ. ಕಲಸಿದ ತಕ್ಷಣ ಮೆತ್ತಬೇಕು, ಇಲ್ಲದಿದ್ದರೆ ಕೈಯಲ್ಲೇ ಕಲ್ಲಾಗುತ್ತದೆ. ಬೆಳಿಗ್ಗೆ ಮುಗಿಸಿದೆವು. ಚೆನ್ನಾಗಿ ಹಿಡಿದಿದೆ.

ಇನ್ನೊಂದು ಸಂತೋಷ, ಅಮ್ಮ ಚೇತರಿಸಿಕೊಳ್ಳುತ್ತಿದ್ದಾರೆ. ಇವತ್ತು ತಾವಾಗಿಯೇ ತಲೆ ಬಾಚು ಎಂದು ಹಾಲಮ್ಮನನ್ನು ಕೇಳಿದರು. ಕುಂಕುಮದ ಡಬ್ಬಿ ತರಿಸಿಕೊಂಡು ಬಲಗೈಯಲ್ಲೇ ಇಟ್ಟುಕೊಂಡರು, ಸ್ವಲ್ಪ ಓರೆಯಾಯಿತು. ಟ್ರಂಕಿನಿಂದ ಹಸಿರು ಸೀರೆ ತೆಗೆದು ಬಿಸಿಲಿಗೆ ಹಾಕಲು ಹೇಳಿದರು. ಮಲ್ಲಿಕಾರ್ಜುನಪ್ಪನವರಲ್ಲಿ ಟೀ ಸೊಪ್ಪು ತರಿಸಿಡು ಎಂದರು. ಈ ಮನೆಯಲ್ಲಿ ಟೀ ಕುಡಿಯುವವರು ಯಾರೂ ಇಲ್ಲ. ಇರಲಿ, ರೋಗಿಯ ಬಾಯಿ ಏನೇನೋ ಬಯಸುತ್ತದೆ. ಡಾಕ್ಟರು ಬಂದಾಗ ಹೇಳಬೇಕು, ಹಸಿವೆ ಇದೆ, ಆಸೆ ಇದೆ ಎಂದು.

ಹಾಲಮ್ಮ ಮಾತ್ರ ಸಪ್ಪಗಿದ್ದಳು. ಏನು ಎಂದೆ. “ಏನಿಲ್ಲವ್ವ” ಎಂದಳು.

ಫೆಬ್ರವರಿ 26, ಬುಧವಾರ

ಇರುವೆ! ಉದ್ದಿನಹಿಟ್ಟಿನ ಸಂದಿಯ ಉದ್ದಕ್ಕೂ ಕೆಂಪಿರುವೆಯ ಮೆರವಣಿಗೆ. ರಾತ್ರಿ ಇಲಿಯೂ ಬಂದು ಒಂದು ಮೂಲೆ ತಿಂದು ಹೋಗಿದೆ. ಹಾಲಮ್ಮ ಸೊಂಟಕ್ಕೆ ಕೈಯಿಟ್ಟು ನಿಂತು “ಗಡಿಗೆ ಮ್ಯಾಲೆ ನೆಲುವಿನಾಗೆ ತೂಗ್ತಿರ್ತೈತೆ, ಅದ್ಕೆ ನಂಗೆ ಗೊತ್ತಾಗ್ಲಿಲ್ಲ” ಎಂದಳು. ಇಬ್ಬರೂ ನಕ್ಕೆವು. ಆಚೆ ಕಡೆಯಿಂದ ಅಮ್ಮನೂ ನಕ್ಕ ಸದ್ದು ಬಂತು.

ಸಂಜೆ ಅಮ್ಮನ ತಂಗಿ ಬಸಕ್ಕ ಕುಪ್ಪಗಡ್ಡೆಯಿಂದ ಬಂದಿದ್ದರು. ಒಳಗೆ ಬರಲಿಲ್ಲ. ಅಮ್ಮ ಪಪ್ಪನನ್ನು ಕಟ್ಟಿಕೊಂಡ ಮೇಲೆ ಆ ಮನೆಯವರು ಯಾರೂ ನಮ್ಮ ಹೊಸ್ತಿಲು ದಾಟಿಲ್ಲ. ಜಗಲಿಯ ತುದಿಯಲ್ಲಿ ನಿಂತೇ “ಹೆಂಗದಾಳೆ?” ಎಂದರು. ಬಾಳೆಲೆಯಲ್ಲಿ ಕಟ್ಟಿದ ಕೊಟ್ಟೆ ಕಡುಬು ಜಗಲಿಯ ಮೇಲಿಟ್ಟು, ನನ್ನ ಕೈಗೆ ಕೊಡದೆ, ಕಿಟಕಿಯ ಕಡೆ ಒಂದು ಸಲ ನೋಡಿ ಹೋದರು.

ಮಾರ್ಚ್ 2, ಭಾನುವಾರ

ಗಾರೆ ಕೆಲಸದ ಉಜ್ಜಪ್ಪನವರು ಸುಣ್ಣ, ಮರಳು, ಬೆಲ್ಲದ ನೀರು ಸೇರಿಸಿ ಅರೆದು ಕೊಟ್ಟರು. “ಬೆಲ್ಲಕ್ಕೆ ಇರುವೆ ಬರಲ್ವಾ?” ಎಂದರೆ “ಬಂದ್ರೆ ಸುಣ್ಣ ತಿಂದು ಸಾಯ್ತವೆ, ನಿಮಗೇನ್ರಿ” ಎಂದು ಕಲ್ಲಿನ ಮೇಲೆ ಕೂತು ಬೀಡಿ ಹಚ್ಚಿದರು. ಮೆತ್ತಿದ್ದು ನಾನೇ. ಒದ್ದೆ ಬೆರಳಿನಿಂದ ಉದ್ದಕ್ಕೂ ಸವರಿದೆ. ಈ ಕೊನೆಯಿಂದ ಆ ಕೊನೆಯವರೆಗೆ ಒಂದೇ ಗೆರೆ, ಬೆಳ್ಳಗೆ.

ಅಮ್ಮನಿಗೆ ಹೇಳಲು ಹೋದೆ. ಹಸಿರು ಸೀರೆ ಉಟ್ಟು ದಿಂಬಿಗೆ ಒರಗಿದ್ದರು.

“ಮುಗೀತಾ?” ಎಂದರು. ಅವರ ಮಾತು ಈಗ ನನಗೆ ತಿಳಿಯುತ್ತದೆ.

“ಮುಗೀತು. ಒಣಗಬೇಕು ಅಷ್ಟೆ.”

“ಹಂಗಾರೆ ಯಾವತ್ತು ಬರ್ತಾರೆ?”

“ಯಾರು?”

ಅವರು ಬಾಗಿಲ ಕಡೆ ನೋಡಿದರು. “ನಿಮ್ಮಪ್ಪ. ಅವರು ಬರದೇ ಇದ್ರೆ ಅವರ ತೊಟ್ಟಿ ಯಾಕೆ ರಿಪೇರಿ ಮಾಡ್ತೀಯ? ಕೆರೆಯೋ ಸದ್ದು ಕೇಳಿದಾಗ್ಲೇ ಅಂದ್ಕಂಡೆ.”

ನಾನು ಮಂಚದ ಮೇಲೆ ಕೂತುಬಿಟ್ಟೆ. ಟೀ ಸೊಪ್ಪು, ಕುಂಕುಮ, ಸೀರೆ. ಹಾಲಮ್ಮನಿಗೆ ಗೊತ್ತಿತ್ತು. ಇದು ನಿನಗಾಗಿ, ನಿನ್ನನ್ನು ಕೂರಿಸಲು ಎಂದು ಹೇಳಬೇಕಿತ್ತು. ಬಾಯಿಯವರೆಗೂ ಬಂತು. ಬಾಚಿದ ತಲೆ, ಓರೆ ಕುಂಕುಮ ನೋಡಿ ಆಗಲಿಲ್ಲ. ಅವರ ಕೈ ನನ್ನ ಕೈಯಲ್ಲಿತ್ತು, ಯಾವಾಗ ಹಿಡಿದೆನೋ. ಎಡಗೈ ಅದು. ತಣ್ಣಗೆ, ಭಾರವಾಗಿ, ಚಿಕ್ಕದಾಗಿ.

“ಒಣಗಲಿ ಅಮ್ಮ. ಆಮೇಲೆ ನೋಡೋಣ” ಎಂದೆ. ಹಾಗೇ ತುಂಬ ಹೊತ್ತು ಕೂತಿದ್ದೆ.

ಮಾರ್ಚ್ 4, ಮಂಗಳವಾರ

ಒಣಗಿತು. ಮೂಲೆಯ ಹತ್ತಿರ ಕೂದಲೆಳೆಯಷ್ಟು ಬಿರುಕು ಇದ್ದ ಹಾಗೆ ಕಂಡಿತು. ಇತ್ತೋ ಇಲ್ಲವೋ. ಪೂರ್ತಿ ಕೆರೆದು ತೆಗೆದೆ. ಅಮ್ಮ ಕೇಳಿದರು. ಸರಿ ಬರಲಿಲ್ಲ, ಮತ್ತೆ ಮಾಡಬೇಕು ಎಂದೆ. “ಹೌದಾ?” ಎಂದರು. ಅವರ ಮುಖದಲ್ಲಿ ಬೇಸರ ಕಾಣಲಿಲ್ಲ.

ಉಜ್ಜಪ್ಪನವರು ಬಂದು ನೋಡಿ “ಅಷ್ಟ್ ಚಂದಾಗಿದ್ದಿದ್ನ ತೆಗುದ್ರಲ್ರೀ! ಓದಿದ್ ಹುಡ್ಗೀರ್ ಕೈಗೆ ಕರಣೆ ಕೊಡಬಾರ್ದು” ಎಂದರು.

ಮಾರ್ಚ್ 8, ಶನಿವಾರ

ಹಾಲಮ್ಮ ತಾಳಗುಂದಕ್ಕೆ ಹೋಗಿ ಮೂರು ದಿನವಾಯಿತು, ಅಕ್ಕನ ಮಗಳ ಮದುವೆ. ಹೋಗುವಾಗ ಬಾಗಿಲಲ್ಲಿ ನಿಂತು “ತೊಟ್ಟಿ ಮೈ ಉಜ್ಜಿದ್ದು ಸಾಕು, ಅವ್ವನ ಮೈ ಉಜ್ಜು” ಎಂದಳು.

ಮೊದಲ ದಿನ ಕಣ್ಣು ಬೇರೆ ಕಡೆ ಇಟ್ಟುಕೊಂಡು ಒರೆಸಿದೆ. ಎರಡನೆಯ ದಿನ ಬೆನ್ನಿನ ಹುಣ್ಣು ನೋಡಿದೆ. ಒಂದು ರೂಪಾಯಿ ನಾಣ್ಯದಷ್ಟು, ಕೆಂಪಗೆ. ನಾನು ಹೆದರಿ ಕೈ ತೆಗೆದೆ. ಅಮ್ಮ “ಉರಿಯಲ್ಲ, ಒರ್ಸು” ಎಂದರು. ಉರಿಯುತ್ತಿತ್ತು, ಬಲಗೈ ಬೆರಳು ಮಡಚಿಕೊಂಡವು.

ಈಗ ಕ್ರಮ ಗೊತ್ತಾಗಿದೆ. ರವಿಕೆಯ ಬಲತೋಳು ಮೊದಲು ಬಿಡಿಸಬೇಕು, ಆಮೇಲೆ ಎಡದ್ದು ತಾನೇ ಸಡಿಲವಾಗುತ್ತದೆ. ಎಡಗೈಯನ್ನು ಎಳೆಯಬಾರದು, ಭುಜದಲ್ಲಿ ಪ್ರಾಣ ಹೋಗುವಷ್ಟು ನೋವು. ಸತ್ತ ಕೈಗೆ ನೋವು ಎಲ್ಲಿಂದ ಬರುತ್ತದೋ. ತಿರುಗಿಸುವಾಗ ಕತ್ತಿನ ಕೆಳಗೆ ನನ್ನ ತೋಳು ಕೊಡಬೇಕು. ಆಗ ಅವರ ಮುಖ ನನ್ನ ಕುತ್ತಿಗೆಗೆ ತಾಗುತ್ತದೆ. ಹಾಸ್ಟೆಲ್ಲಿಗೆ ಬಿಟ್ಟಾಗ ನನಗೆ ಏಳು ವರ್ಷ. ಅದಕ್ಕೂ ಮುಂಚೆ ಅವರೇ ನನಗೆ ನೀರು ಹಾಕಿರಬೇಕು. ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಬರೀ ಸೀಗೆಪುಡಿ ಕಣ್ಣಿಗೆ ಬಿದ್ದದ್ದು ನೆನಪಿದೆ.

ಮಧ್ಯಾಹ್ನ ಮತ್ತೆ ಕೇಳಿದರು, “ಅವರು ಬರ್ತಾರಾ?” ನಾನು ಹೋಗಿ ಪಕ್ಕದಲ್ಲಿ ಕೂತೆ. ಸುಣ್ಣ ಇನ್ನೂ ಹಸಿ ಎಂದೆ.

ಮಾರ್ಚ್ 16, ಭಾನುವಾರ

ಹಾಲ್ ಟಿಕೆಟ್ ಬಂದಿದೆ. ಕೆಮಿಸ್ಟ್ರಿ ಪುಸ್ತಕ ಹುಡುಕಿದರೆ ಬಚ್ಚಲಿನಲ್ಲಿ ಸಿಕ್ಕಿತು. ಸುಣ್ಣದ ಬಟ್ಟಲಿನ ಕೆಳಗೆ ಇಟ್ಟಿದ್ದೆ. ರಟ್ಟಿನ ಮೇಲೆ ಬಿಳಿ ಬಳೆಯ ಹಾಗೆ ಗುರುತು ಬಿದ್ದಿದೆ.

ಅವ್ವ ಇವತ್ತು ಗಂಜಿ ಅರ್ಧ ಲೋಟವೂ ಕುಡಿಯಲಿಲ್ಲ. ಬೆನ್ನಿನ ಹುಣ್ಣು ದೊಡ್ಡದಾಗಿದೆ. ಡಾಕ್ಟರು ಬಂದಿದ್ದರು. ಹೊರಗೆ ಬಂದು ಕೈ ತೊಳೆಯುತ್ತ “ಮೈ ಕ್ಲೀನಾಗಿ ಇಡಿ” ಎಂದರು. ಬೇರೆ ಔಷಧ ಬರೆಯಲಿಲ್ಲ.

ನಿನ್ನೆ ಮೆತ್ತಿದ್ದನ್ನು ಕೆರೆದೆ. ಎಷ್ಟನೆಯ ಸಲವೋ.

ಮಾರ್ಚ್ 23, ಭಾನುವಾರ

ಬೆಳಿಗ್ಗೆ ಚಾಕು ಹಿಡಿದು ಕೂತಿದ್ದೆ. ಅವ್ವ ಗೋಡೆ ಬಡಿದಳು, ಬಳೆಯ ಸದ್ದು ಬರುವ ಹಾಗೆ. ಎದ್ದು ಓಡಿದೆ.

“ಸಾಕು ಬಿಡೇ. ಕೆರ್ದೂ ಕೆರ್ದೂ ಗೋಡೆ ನನ್ ತಲೆ ಮೇಲೇ ಕೆಡವ್ತೀಯ.”

“ಸಂದಿ ಸರಿಯಾಗಿಲ್ಲವ್ವ.”

“ಅವರು ಬರಲ್ಲ” ಎಂದಳು.

ಚಾಕು ನನ್ನ ಕೈಯಲ್ಲೇ ಇತ್ತು.

“ನಂಗೊತ್ತಿಲ್ವೇನೇ? ಬರೋರು ಹತ್ತು ವರ್ಷ ಹಡಗಲ್ಲೇ ಇರ್ತಾರಾ?” ಉಸಿರು ಸಾಲದೆ ಸ್ವಲ್ಪ ತಡೆದಳು. “ಮೊದ್ಲು ಹಂಗೇ ಅಂದ್ಕಂಡೆ, ಸುಳ್ಳಲ್ಲ. ತಲೆ ಸರಿ ಇರಲಿಲ್ಲ. ಆಮೇಲೆ ನಿನ್ ಮುಖ ನೋಡಿದ್ಮೇಲೆ ಗೊತ್ತಾತು.”

“ಮತ್ತೆ ಯಾಕೆ ದಿನಾ ಕೇಳ್ತಿದ್ದೆ?”

ಅವಳು ಬಲಗೈಯಿಂದ ಮಂಚದ ಅಂಚು ತಟ್ಟಿ ತೋರಿಸಿದಳು, ನಾನು ಯಾವಾಗಲೂ ಕೂರುವ ಜಾಗ. “ನೀನು ಬಂದಾಗಿಂದ ಬಚ್ಚಲಲ್ಲೇ ಇದ್ದೆ. ಅವರು ಬರ್ತಾರಾ ಅಂತ ಕೇಳಿದ ದಿನ ಬಂದು ಇಲ್ಲಿ ಕೂತೆ.”

ಹಾಲಮ್ಮ ಬಾಗಿಲಲ್ಲಿ ನಿಂತು ಸೆರಗಿನಿಂದ ಮೂಗು ಒರೆಸಿಕೊಂಡು, ಒರೆಸಿಕೊಂಡದ್ದು ಕಾಣದಿರಲೆಂದು “ಹಂಡೆ ನೀರು ಕಾದೈತೆ, ಸುಮ್ನೆ ಆರ್ತೈತೆ” ಎಂದು ಗದರಿದಳು.

ಇಬ್ಬರೂ ಎತ್ತಿದೆವು. ಅವ್ವ ಏನೂ ಭಾರವಿಲ್ಲ. ನಾನೊಬ್ಬಳೇ ಎತ್ತಬಹುದಿತ್ತು. ಟಬ್ಬಿನಲ್ಲಿ ಕೂರಿಸಿ ಬೆನ್ನಿಗೆ ಮಡಿಚಿದ ಕಂಬಳಿ ಕೊಟ್ಟೆ. “ಬೂಚು ತೆಗಿ, ನೀರು ಹರೀಲಿ. ನಿಂತ ನೀರು ನಂಗಾಗಲ್ಲ” ಎಂದಳು. ತೆಗೆದೆ. ಚೊಂಬಿನಲ್ಲಿ ತಲೆಗೆ ಹೊಯ್ದೆ. ಸೀಗೆಪುಡಿ ಹಚ್ಚುವಾಗ ಅವಳ ಹಣೆಗೆ ಕೈ ಅಡ್ಡ ಹಿಡಿದೆ, ಕಣ್ಣಿಗೆ ಹೋಗದಂತೆ. ಕೆರೆದು ಬಿಟ್ಟ ಸಂದಿಯಲ್ಲಿ ನೀರು ಗುಳುಗುಳು ಎಂದು ಗೋಡೆಗೆ ಇಳಿಯುತ್ತಿತ್ತು.

“ಗೋಡೆ ಹೋಗ್ತದೆ ಕಣವ್ವ” ಎಂದಳು ಹಾಲಮ್ಮ.

“ಹೋಗ್ಲಿ” ಎಂದೆ. ಅವ್ವನೂ ಅದನ್ನೇ ಹೇಳಿದಳು, ಇಬ್ಬರ ಮಾತೂ ಒಟ್ಟಿಗೆ ಬಂತು.

ಬೆಚ್ಚಗಿನ ನೀರು ಎದೆಯ ಮೇಲೆ ಇಳಿಯುವಾಗ ಅವ್ವ ಕಣ್ಣು ಮುಚ್ಚಿದಳು. “ಹದಿನೆಂಟು ವರ್ಷ ಕರುದ್ರು ಅವರು” ಎಂದಳು. ಬಲಗೈಯಿಂದ ಟಬ್ಬಿನ ಅಂಚು ಸವರಿ, “ಸುಖವಾಗೇ ಐತೆ. ಆಗ್ಲೇ ಇಳಿದಿದ್ರೆ ಆಗ್ತಿತ್ತು.”

ಹಂಡೆ ಖಾಲಿಯಾಗುವವರೆಗೂ ಹೊಯ್ದೆ.

ಮಾರ್ಚ್ 27, ಗುರುವಾರ

ಅವ್ವನ ಮಾತು ನಿಂತಿದೆ. ಬಾಯಿಗೆ ನೀರು ಹತ್ತಿಯಲ್ಲಿ ಹಿಂಡುತ್ತಿದ್ದೇನೆ. ಆಗಾಗ ಅವಳ ಮಗ್ಗುಲು ಬದಲಿಸುತ್ತಿದ್ದೇನೆ.

ಏಪ್ರಿಲ್ 2, ಬುಧವಾರ

ಭಾನುವಾರ ಬೆಳಿಗ್ಗೆ ಅವ್ವ ಹೋದಳು. ಹಾಲಮ್ಮ ಎಮ್ಮೆ ಕರೆಯಲು ಹೋಗಿದ್ದಳು. ನಾನು ಪಕ್ಕದಲ್ಲೇ ಇದ್ದೆ. ಉಸಿರು ಬಿಟ್ಟಳು, ಮತ್ತೆ ತೆಗೆದುಕೊಳ್ಳಲಿಲ್ಲ. ಕಾಯುತ್ತ ಕೂತಿದ್ದೆ.

ಕುಪ್ಪಗಡ್ಡೆಯಿಂದ ಬಸಕ್ಕ, ಇನ್ನೂ ನಾಲ್ಕಾರು ಹೆಂಗಸರು ಗಾಡಿಯಲ್ಲಿ ಬಂದರು. ಈ ಸಲ ಹೊಸ್ತಿಲು ದಾಟಿದರು. ಅಂಗಳದಲ್ಲಿ ಹಲಗೆ ಹಾಕಿ ಸುತ್ತ ಸೀರೆ ಮರೆ ಕಟ್ಟಿದರು. ಹಿರಿಯ ಹೆಂಗಸೊಬ್ಬಳು ನನಗೆ “ನೀ ಅತ್ಲಾಗೆ ನಿಲ್ಲವ್ವ, ನಿಂಗೆ ನಮ್ಮ ರೀತಿ ಗೊತ್ತಾಗಾಕಿಲ್ಲ. ಇದು ನಮ್ಮೋರು ಮಾಡಾ ಕೆಲ್ಸ” ಎಂದಳು. ಕೆಟ್ಟದಾಗಿ ಹೇಳಲಿಲ್ಲ. ನಾನು ಮರೆಯ ಹೊರಗೆ, ಕಂಬದ ಹತ್ತಿರ ನಿಂತೆ. ಹಾಲಮ್ಮ ಏನೋ ಹೇಳಲು ಹೋದಳು. ಬೇಡ ಎಂದು ಸನ್ನೆ ಮಾಡಿದೆ. ನನಗೆ ಅವರ ರೀತಿ ಗೊತ್ತಿಲ್ಲ, ಅದು ನಿಜ.

ಸೀರೆಯ ಸಂದಿಯಿಂದ ಕಾಣುತ್ತಿತ್ತು. ರವಿಕೆ ತೆಗೆಯಲು ಬಸಕ್ಕ ಅವ್ವನ ಎಡಗೈ ಹಿಡಿದು ಮೇಲಕ್ಕೆ ಎಳೆದರು.

“ಆ ಕೈ ಎಳೀಬ್ಯಾಡ್ರಿ!” ಎಂದು ಕೂಗಿದೆ. “ನೋಯ್ತದೆ ಅದು.”

ಎಲ್ಲರೂ ತಿರುಗಿದರು. ಯಾರೋ “ನೋವು ಎಲ್ಲಿ ಬಂತವ್ವ ಇನ್ನ” ಎಂದು ಸಣ್ಣಗೆ ಅತ್ತಳು. ನನಗೆ ನಾಚಿಕೆಯಾಯಿತು. ಬಸಕ್ಕ ಕೈ ಬಿಟ್ಟುಬಿಡಲಿಲ್ಲ. ಮಲಗಿದ ಮಗುವಿನ ಕೈ ಇಡುವ ಹಾಗೆ ಮೆಲ್ಲಗೆ ಅವ್ವನ ಪಕ್ಕಕ್ಕೆ ಇಟ್ಟರು. ನನ್ನನ್ನು ನೋಡಿದರು. ಮೊದಲ ಸಲ ನೋಡಿದರು ಎನ್ನಿಸಿತು.

“ಹೆಂಗೆ ತೆಗೀಬೇಕು?” ಎಂದರು.

“ಬಲತೋಳು ಮೊದ್ಲು. ಆಮೇಲೆ ಎಡದ್ದು ತಾನೇ ಬರ್ತದೆ. ಕತ್ತಿನ ಕೆಳಗೆ ಕೈ ಕೊಡ್ಬೇಕು.”

ಹಿರಿಯ ಹೆಂಗಸು ಏನೋ ಹೇಳಲು ಬಾಯಿ ತೆರೆದಳು. ಬಸಕ್ಕ ಅವಳ ಕಡೆ ನೋಡಲಿಲ್ಲ. ತಾವು ಸ್ವಲ್ಪ ಸರಿದು ಹಲಗೆಯ ತಲೆಯ ಕಡೆ ಜಾಗ ಬಿಟ್ಟರು. ನಾನು ಮರೆಯೊಳಗೆ ಹೋಗಿ ಮಂಡಿಯೂರಿ ಅವ್ವನ ಕತ್ತಿನ ಕೆಳಗೆ ತೋಳು ಕೊಟ್ಟೆ. ಅವಳ ಮುಖ ನನ್ನ ಕುತ್ತಿಗೆಗೆ ತಾಗಿತು, ತಣ್ಣಗೆ.

ಬಸಕ್ಕ ಕೊಪ್ಪರಿಗೆಯಿಂದ ಚೊಂಬು ಎತ್ತಿದರು. ಹೊಯ್ಯುವ ಮುಂಚೆ ತಡೆದು ಬೆರಳು ಅದ್ದಿ ನೋಡಿದರು.

“ಬಿಸಿ ಜಾಸ್ತಿ ಆತೇನೋ” ಎಂದು ಒಂದಿಷ್ಟು ತಣ್ಣೀರು ಬೆರೆಸಿ, ನನ್ನ ಕೈಗೆ ಕೊಟ್ಟರು.